ಚಮನ್ನಿನ ಕ್ಷೌರ

ನಾನು ಜೀವನದಲ್ಲಿ ಹೆಚ್ಚು ಆರಿಸಿದವನಲ್ಲ. ಹೆಸರನ್ನು ಅಜ್ಜಿ ಆರಿಸಿದಳು, ಶಾಲೆಯನ್ನು ಅಪ್ಪ, ನೌಕರಿಯನ್ನು ಸರಕಾರ. ಹೆಂಡತಿಯನ್ನು ನಾನೇ ಆರಿಸಿದೆನೆಂದು ಬಹುಕಾಲ ನಂಬಿದ್ದೆ. ನಾನು ಹೆಣ್ಣು ನೋಡಲು ಹೋಗಿ ಪಡಸಾಲೆಯಲ್ಲಿ ಬೆವರುತ್ತ ಕೂತಿದ್ದಾಗಲೇ ಅವಳು ಬಾಗಿಲ ಸಂದಿಯಿಂದ ನನ್ನನ್ನು ನೋಡಿ "ನಡೀತದ" ಎಂದಿದ್ದಳೆಂದು ಆಮೇಲೆ ತಿಳಿಯಿತು. ಹೀಗಾಗಿ ನಾನು ಸ್ವಂತ ಬುದ್ಧಿಯನ್ನು ಪೂರ್ತಿ ಸುರಿದು, ಶಾಸ್ತ್ರ ವಿಚಾರಿಸಿ, ನಾಲ್ಕು ಜನರ ಅಭಿಪ್ರಾಯ ಪಡೆದು ಆರಿಸಿದ್ದು ಒಂದೇ ಒಂದು ವಸ್ತುವನ್ನು. ಅದು ಹುಲ್ಲು ಕತ್ತರಿಸುವ ಯಂತ್ರ.

ಕಲಬುರ್ಗಿಯಲ್ಲಿ ಹುಲ್ಲೆಲ್ಲಿ, ಅದಕ್ಕೊಂದು ಯಂತ್ರವೆಲ್ಲಿ ಎಂದು ನೀವು ನಗಬಹುದು. ನಗಿರಿ. ಆಗ ನಗದೇ ಇದ್ದವನು ನಾನೊಬ್ಬನೇ.

ಪೊಲೀಸ್ ಆ್ಯಕ್ಷನ್ ಮುಗಿದು, ನಿಜಾಮರ ಸಂಸ್ಥಾನ ಹೋಗಿ ಹೈದರಾಬಾದ್ ರಾಜ್ಯ ಬಂದ ಹೊಸದು. ಕಚೇರಿಯ ಗೋಡೆಯ ಮೇಲಿನ ಪಟ ಬದಲಾಗಿತ್ತು. ಪಟ ತೂಗುಹಾಕಿದ ಮೊಳೆ ಮಾತ್ರ ಹಳೆಯದೇ. ನಾನು ಆ ಮೊಳೆಯ ಪಂಗಡದವನು, ಅಂದರೆ ಗುಮಾಸ್ತ. ಊರಲ್ಲಿ ಮನೆ ಸಿಗದೆ ಗಂಜ್ ಪೇಟೆಯ ಕಾಳಿನ ಅಂಗಡಿಯೊಂದರ ಮಾಳಿಗೆಯ ಮೇಲೆ ತೊಗರಿ ಚೀಲಗಳ ನೆರೆಯಲ್ಲಿ ಮಲಗುತ್ತಿದ್ದೆ. ಮದುವೆಯಾಗಿತ್ತು, ಆದರೆ ಹೆಂಡತಿ ನೀಲಮ್ಮ ಕಮಲಾಪುರದ ತವರಿನಲ್ಲೇ ಇದ್ದಳು. "ಮನಿ ಮಾಡ್ರಿ, ಮಗಳನ್ನ ಕಳಸ್ತೀನಿ. ತೊಗರಿ ಚೀಲದ ಮ್ಯಾಲ ಕೂಡಸಾಕ ನಾ ಏನು ಹಮಾಲಿಗೆ ಕೊಟ್ಟೀನೇನ್ರಿ?" ಎಂದು ಮಾವ ಬಸಲಿಂಗಪ್ಪನವರು ಕಡ್ಡಿ ಮುರಿದಂತೆ ಹೇಳಿದ್ದರು.

ಆಗ ನಮ್ಮ ಕಚೇರಿಯ ಸಾಹೇಬರು ನನ್ನ ಮೇಲೆ ಕರುಣೆಯಿಟ್ಟರು. ಅವರು ಹಳೆಯ ಹೈದರಾಬಾದಿನವರು. ತುರುಕಿ ಟೋಪಿ, ಇಸ್ತ್ರಿಯ ಶೇರ್ವಾನಿ, ಊರಿಗೆಲ್ಲ ಸಾಲುವಷ್ಟು ತೂಕ. ಊರ ಹೊರಗೆ ಒಂದು ಸರಕಾರಿ ಬಂಗಲೆ ಬೀಗ ಹಾಕಿಕೊಂಡು ಬಿದ್ದಿತ್ತು. ಅಲ್ಲಿದ್ದ ಅಧಿಕಾರಿ ಗಡಿಬಿಡಿಯ ದಿನಗಳಲ್ಲಿ ಹೈದರಾಬಾದಿಗೆ ಹೋದವರು ತಿರುಗಿ ಬಂದಿರಲಿಲ್ಲ. ಅದರ ಮುಂಭಾಗದ ಎರಡು ಕೋಣೆಗಳನ್ನು ಸಾಹೇಬರು ನನಗೆ ಕೊಟ್ಟರು. ಒಂದೇ ಷರತ್ತು. ಬಂಗಲೆಯ ಮುಂದೆ ಬೇವಿನ ಮರಗಳ ಕೆಳಗೆ ಒಂದು ಚಮನ್ ಇತ್ತು, ಅಂದರೆ ಹುಲ್ಲುಹಾಸು. ಅದನ್ನು ಕತ್ತರಿಸಿ, ಉದುರಿದ ಎಲೆ ಎತ್ತಿ, ಮಖಮಲ್ಲಿನ ಹಾಗೆ ಇಡಬೇಕು. "ಚಮನ್ ಇದ್ದರೆ ಮನೆ ನಿಮ್ಮದು. ಚಮನ್ ಹೋದರೆ ನೀವೂ ಹೋಗಿ" ಎಂದರು. ನಾನು ಸಂತೋಷದಿಂದ ತಲೆಯಾಡಿಸಿದೆ. ಮನೆ ಸಿಕ್ಕಿತು, ಇನ್ನು ಹೆಂಡತಿ ಬರುತ್ತಾಳೆ, ನಡುವೆ ಸ್ವಲ್ಪ ಹುಲ್ಲು, ಅಷ್ಟೇ ತಾನೇ!

ಮಾವನವರು ಮನೆ ನೋಡಲು ಬಂದರು. ಗೇಟಿನಲ್ಲಿ ಚಕ್ಕಡಿಯಿಂದ ಇಳಿದರು. ಒಂದು ಹೆಜ್ಜೆ ಇಟ್ಟವರು ನಿಂತುಬಿಟ್ಟರು. ತಲೆಯ ರುಮಾಲು ಬಿಚ್ಚಿ ಕೈಯಲ್ಲಿ ಹಿಡಿದರು.

"ಅಳಿಯ ದೇವ್ರ, ಇಲ್ಲಿದ್ದವರೆಲ್ಲಾ ತೀರಿಕೊಂಡಾರೇನ್ರಿ?"

"ಇಲ್ರಿ ಮಾವಾರ, ಹೈದರಾಬಾದಿಗೆ ಹೋಗ್ಯಾರ."

"ಮತ್ತ ಬಾಗಲದಾಗ ಕರಿಕಿ ಹುಲ್ಲು ಬೆಳದದಲ್ರಿ!"

ಅವರು ಒಳಗೆ ಬರಲಿಲ್ಲ. ಚಹಾ ಕುಡಿಯಲಿಲ್ಲ. ನನ್ನನ್ನು ಸಂತಾಪ ಸೂಚಿಸುವ ಕಣ್ಣಿನಿಂದ ನೋಡಿ ಅದೇ ಚಕ್ಕಡಿಯಲ್ಲಿ ತಿರುಗಿ ಹೋದರು.

ಇಲ್ಲಿ ಸ್ವಲ್ಪ ಶಾಸ್ತ್ರ ವಿಚಾರ ಮಾಡಬೇಕು. ನಮ್ಮ ಕಡೆ ಜಗಳದಲ್ಲಿ ಹೆಣ್ಣುಮಕ್ಕಳು ಕೊನೆಯ ಅಸ್ತ್ರವಾಗಿ ಹಾಕುವ ಶಾಪ ಯಾವುದು? "ನಿನ್ನ ಬಾಗಲದಾಗ ಹುಲ್ಲು ಹುಟ್ಟಲಿ." ಮನೆಯಲ್ಲಿ ಜನವಿದ್ದರೆ ಬಾಗಿಲಲ್ಲಿ ಕಸ ಹೊಡೆಯುತ್ತಾರೆ, ಸಗಣಿ ನೀರು ಚಿಮುಕಿಸುತ್ತಾರೆ, ರಂಗೋಲಿ ಹಾಕುತ್ತಾರೆ. ಹುಲ್ಲು ಹುಟ್ಟಿತೆಂದರೆ ದೀಪ ಹಚ್ಚುವವರಿಲ್ಲ ಎಂದರ್ಥ. ಅತ್ತ ಸಾಹೇಬರ ಶಾಸ್ತ್ರದಲ್ಲಿ ಬಾಗಿಲ ಮುಂದೆ ಹುಲ್ಲಿಲ್ಲದಿದ್ದರೆ ಅದು ಮನೆಯಲ್ಲ, ಗೋದಾಮು. ಒಂದು ಜನ ಹಾಳಾಗಲಿ ಎಂದು ಶತ್ರುವಿಗೆ ಬಯಸಿದ್ದನ್ನು ಇನ್ನೊಂದು ಜನ ಮಾಲಿಯನ್ನಿಟ್ಟು, ನೀರು ಹಾಯಿಸಿ ಬೆಳೆಸುತ್ತಾರೆ. ಜಗತ್ತಿನಲ್ಲಿ ಧರ್ಮಗಳ ನಡುವಿನ ಭೇದ ದೇವರ ವಿಷಯದಲ್ಲಿಲ್ಲ, ಹುಲ್ಲಿನ ವಿಷಯದಲ್ಲಿದೆ ಎಂದು ನನಗೆ ಆಗ ಹೊಳೆಯಿತು. ಹೊಳೆದದ್ದರಿಂದ ಉಪಯೋಗವಾಗಲಿಲ್ಲ. ಹುಲ್ಲು ಕಿತ್ತರೆ ಮನೆ ಹೋಗುತ್ತದೆ. ಹುಲ್ಲು ಬಿಟ್ಟರೆ ಹೆಂಡತಿ ಬರುವುದಿಲ್ಲ.

ಸಂಧಾನಕ್ಕೆಂದು ಕಮಲಾಪುರಕ್ಕೆ ಹೋದೆ. ಬಸ್ಸು ಮಹಾಗಾಂವದಲ್ಲಿ ಒಮ್ಮೆ ನಿದ್ದೆ ಮಾಡಿ ಎದ್ದು ಅಂತೂ ತಲುಪಿಸಿತು. ಮಾವನವರು ಕೆಂಪು ಬಾಳೆಯ ತೋಟದ ಆಚೆ ಹೊಲದಲ್ಲಿದ್ದರು. ಆಳುಗಳು ಮೊಣಕಾಲುದ್ದ ಅಗೆದು ಏನನ್ನೋ ಎಳೆಯುತ್ತಿದ್ದರು. ನೋಡಿದರೆ ಗರಿಕೆಯ ಬೇರು! ಜೋಳದ ಹೊಲಕ್ಕೆ ಗರಿಕೆ ಹತ್ತಿದರೆ ಮುಗಿಯಿತು. ಒಂದು ಗಂಟು ಉಳಿದರೂ ಮಳೆ ಬಿದ್ದ ಕೂಡಲೇ ವಂಶೋದ್ಧಾರ ಮಾಡಿಕೊಳ್ಳುತ್ತದೆ.

"ನೋಡ್ರಿ, ನಮ್ಮಪ್ಪನ ಕಾಲದಿಂದ ಇದನ್ನ ಕೀಳಾಕತ್ತೀವಿ," ಎಂದರು ಮಾವ. "ನೀವು ಅಲ್ಲಿ ಇದಕ್ಕ ನೀರು ಉಣಸಾಕತ್ತೀರಿ. ವೈರಿ ಮಗನ್ನ ದತ್ತಕ ತೊಗೊಂಡಂಗಾತು."

ನಾನು ಸರಕಾರದ ಷರತ್ತನ್ನು ವಿವರಿಸಿದೆ. ಅವರು ಒಂದು ಮೆಟ್ಟಿಲು ಇಳಿದರು. "ಆತು. ಯುಗಾದಿ ಒಳಗ ಒಂದು ಚೊಲೋ ದಿನ ನೋಡಿ ಮಗಳನ್ನ ಕರಕೊಂಡು ಬರ್ತೀನಿ. ಆದರ ನನ್ನ ಕಣ್ಣಿಗೆ ಹುಲ್ಲು ಕಾಣಬಾರದು. ಕಂಡರ ಹಂಗೇ ಚಕ್ಕಡಿ ತಿರಗಸ್ತೀನಿ."

ಮಜ್ಜಿಗೆ ತಂದಿಟ್ಟ ನೀಲಮ್ಮ ಮೆಲ್ಲಗೆ, "ಹುಲ್ಲಿನ ಚಿಂತಿ ಬಿಟ್ಟು ನನ್ನ ಚಿಂತಿ ಮಾಡ್ರಿ ಸ್ವಲ್ಪ," ಎಂದಳು. ಅವಳಿಗೆ ಹೇಗೆ ಹೇಳಲಿ, ಎರಡೂ ಚಿಂತೆ ಒಂದೇ ಬೇರಿನವು ಎಂದು!

ಹೀಗೆ ನನ್ನ ಮುಂದಿನ ಪ್ರಶ್ನೆ ಶುದ್ಧ ಯಂತ್ರವಿಜ್ಞಾನದ್ದಾಯಿತು. ಹುಲ್ಲು ಎಷ್ಟೆತ್ತರ ಇರಬೇಕು? ನಿಂತು ನೋಡುವ ಮಾವನವರಿಗೆ ಕಾಣಬಾರದು. ಬಗ್ಗಿ ನೋಡುವ ಸಾಹೇಬರಿಗೆ ಕಾಣಬೇಕು. ಈ ಎರಡರ ನಡುವೆ ಕೂದಲೆಳೆಯಷ್ಟು ಜಾಗವಿತ್ತು. ಆ ಜಾಗದಲ್ಲಿ ನನ್ನ ಸಂಸಾರ ನಿಲ್ಲಬೇಕಾಗಿತ್ತು.

ಮೊದಲು ಕುಡಗೋಲಿನಿಂದ ಕೊಯ್ಯಿಸಿ ನೋಡಿದೆ. ಎಮ್ಮೆಗೆ ಮೇವು ಒಯ್ಯುವ ಹೆಂಗಸರು ಬಂದು ಎಮ್ಮೆಯ ಹಿತವನ್ನು ನೋಡಿದರೇ ಹೊರತು ನನ್ನ ಹಿತವನ್ನಲ್ಲ. ಒಳ್ಳೆಯ ಹುಲ್ಲೆಲ್ಲ ಹೋಯಿತು, ಕೆಟ್ಟದ್ದೆಲ್ಲ ಉಳಿಯಿತು. ಚಮನ್ ಸಿಡುಬು ಆಗಿ ಎದ್ದವರ ತಲೆಯ ಹಾಗೆ ಕಂಡಿತು. ಕುರಿ ಬಿಡು ಎಂದವರೂ ಇದ್ದರು. ಕುರಿ ಹುಲ್ಲಿಗಿಂತ ಮೊದಲು ಒಣಹಾಕಿದ್ದ ನನ್ನ ಅಂಗಿಯ ತೋಳನ್ನು ಆರಿಸಿಕೊಂಡಿತು. ಕೊನೆಗೆ, ಚೌಕದ ಬಳಿ ಕಬ್ಬಿಣದ ಸಾಮಾನಿನ ಅಂಗಡಿಯಿಟ್ಟಿದ್ದ ಕರೀಂಭಾಯಿಯ ಹತ್ತಿರ ವಿಲಾಯತಿ ಯಂತ್ರಗಳಿವೆ ಎಂದು ಸುದ್ದಿ ಬಂತು. ಸುದ್ದಿ ಕಮಲಾಪುರಕ್ಕೂ ಮುಟ್ಟಿತು. ಅಳಿಯ ಒಂದು ಕೂರಿಗೆಯನ್ನಾಗಲಿ ಕುಂಟೆಯನ್ನಾಗಲಿ ಮಾವನನ್ನು ಕೇಳದೆ ಕೊಳ್ಳುವುದು ನಮ್ಮಲ್ಲಿ ಮಾನಹಾನಿ. ಹುಲ್ಲಿನ ಯಂತ್ರವೂ ಒಕ್ಕಲುತನದ ಸಾಮಾನೇ ಎಂದು ತೀರ್ಮಾನಿಸಿ ಮಾವನವರು ಸ್ವತಃ ಬಂದಿಳಿದರು.

ಅಂಗಡಿಯಲ್ಲಿ ಎರಡು ಯಂತ್ರಗಳಿದ್ದವು. ದೊಡ್ಡದಕ್ಕೆ ಮುಂದೆ ಹುಲ್ಲು, ಎಲೆ ಎಲ್ಲ ತುಂಬಿಕೊಳ್ಳುವ ತಗಡಿನ ಪೆಟ್ಟಿಗೆ. ಚಿಕ್ಕದಕ್ಕೆ ಅದಿಲ್ಲ. ಎರಡಕ್ಕೂ ಎರಡು ಗಾಲಿ, ನಡುವೆ ತಿರುಚಿದ ಅಲಗುಗಳು, ಹಿಂದೆ ದೂಡುವ ಹಿಡಿ. ನಾನು ದೊಡ್ಡದನ್ನು ಮನಸ್ಸಿನಲ್ಲೇ ವರಿಸಿದೆ. ಮಾವನವರು ಮಾತ್ರ ಎತ್ತಿನ ಸಂತೆಯ ಶಿಸ್ತಿನಿಂದ ಕೆಲಸ ಶುರುಮಾಡಿದರು. ಯಂತ್ರದ ಬಾಯಿಗೆ ಬಗ್ಗಿ ಹಲ್ಲು ನೋಡಿದರು. ಹೆಗಲು ತಟ್ಟಿದರು. "ನಡಸ್ರಿ" ಎಂದರು. ಕರೀಂಭಾಯಿ ಬೀದಿಯಲ್ಲಿ ದೂಡಿಕೊಂಡು ಹೋಗಿ ಬಂದ. ಮಾವ ಹಿಂದೆ ನಿಂತು ಒಂದು ಕಣ್ಣು ಮುಚ್ಚಿ ನಡಿಗೆ ನೋಡಿದರು.

"ಎಡಗಾಲು ಎಳೀತದ."

"ಯಜಮಾನ್ರೇ, ಗಾಲಿಗೆ ಎಣ್ಣಿ ಇಲ್ಲ ಅಷ್ಟೇ! ಬಾಕಿ ಮಖ್ಖನ್ ಅದ, ಬೆಣ್ಣಿ!"

ಆಮೇಲೆ ಮಾವನವರು ಸುಳಿ ಹುಡುಕಿದರು. ಎತ್ತಿನ ಮೈಮೇಲೆ ಕೂದಲು ಎಲ್ಲಿ ಸುತ್ತಿದೆ ಎಂಬುದರ ಮೇಲೆ ಅದನ್ನು ಕಟ್ಟಿದವನ ಭಾಗ್ಯ ನಿಂತಿರುತ್ತದೆ. ಯಂತ್ರಕ್ಕೆ ಕೂದಲಿಲ್ಲ ಎಂದು ನಾನು ನೆಮ್ಮದಿಯಿಂದಿದ್ದೆ. ಆದರೆ ಪೆಟ್ಟಿಗೆಯ ಮೇಲೆ ಕಂಪನಿಯವರು ಬಣ್ಣದಲ್ಲಿ ಒಂದು ಸುತ್ತು ಬಳ್ಳಿ ಬರೆದಿದ್ದರು. ಮಾವನವರ ಬೆರಳು ಅಲ್ಲಿ ನಿಂತಿತು. "ಇದು ಮನಿ ತೊಳಿಯೋ ಸುಳಿ. ಬ್ಯಾಡ."

ಹೀಗೆ ಇಡೀ ಕಲಬುರ್ಗಿಗೆ ಬಂದಿದ್ದ ಒಂದೇ ಒಂದು ಎಲೆ ಸಂಗ್ರಹಿಸುವ ಯಂತ್ರ ಲಕ್ಷಣದೋಷದಿಂದ ತಿರಸ್ಕೃತವಾಯಿತು. ಚಿಕ್ಕದು ಉಳಿಯಿತು. ಅದಕ್ಕೆ ಸುಳಿ ಇರಲಿಲ್ಲ. ಅದರ ಗುಣವನ್ನು ಕರೀಂಭಾಯಿ ವಿವರಿಸುತ್ತಿದ್ದಾಗ ಮಾವ ತಡೆದರು.

"ಬೇರು ಕೀಳತದೇನು?"

"ಇಲ್ಲ ಜೀ. ಮ್ಯಾಲಿಂದ ಕತ್ತರಿಸ್ತದ."

"ಬೇರು ಬಿಟ್ಟು ತುದಿ ಕತ್ತರಸೂದಾ? ಕಳ್ಳನ್ನ ಹಿಡದು ತೆಲಿ ಬೋಳಿಸಿ ಮನಿಗೆ ಕಳಿಸಿದಂಗ!"

"ಯಜಮಾನ್ರೇ, ಇದು ಜಾನ್ ತೆಗಿಯೋ ಮಿಷನ್ ಅಲ್ಲ. ಹಜಾಮತ್ ಮಾಡೋ ಮಿಷನ್!"

ಕೊನೆಗೆ ವ್ಯಾಪಾರ. ಎತ್ತಿನ ಸಂತೆಯಲ್ಲಿ ಬೆಲೆಯನ್ನು ಬಾಯಿಂದ ಆಡುವುದಿಲ್ಲ. ಟವೆಲಿನ ಮರೆಯಲ್ಲಿ ಒಬ್ಬರ ಬೆರಳನ್ನು ಇನ್ನೊಬ್ಬರು ಒತ್ತಿ ತಿಳಿಸುತ್ತಾರೆ. ಮಾವನವರು ಗಂಭೀರವಾಗಿ ಕರೀಂಭಾಯಿಯ ಕೈಮೇಲೆ ರುಮಾಲು ಹೊದಿಸಿ ಬೆರಳು ಒತ್ತಿದರು. ಕರೀಂಭಾಯಿ ಈ ವಿದ್ಯೆ ಅರಿಯದವನು, ಮೇಲಾಗಿ ಕಚಗುಳಿಯ ಮೈಯವನು. "ಅರೆ ಛೋಡೋ ಜೀ, ಗುದ್‌ಗುದೀ, ಗುದ್‌ಗುದೀ!" ಎಂದು ಮೊಳೆಯ ಡಬ್ಬಿಗಳ ಮೇಲೆ ಉರುಳಿ ಬಿದ್ದು ನಗತೊಡಗಿದ. ನಕ್ಕು ನಕ್ಕು ಕಣ್ಣೀರು ಒರೆಸಿಕೊಂಡು, ಒಯ್ಯಿರಿ, ಯುಗಾದಿಯವರೆಗೆ ಬಳಸಿ ನೋಡಿ, ಮನಸ್ಸಿಗೆ ಬಂದರೆ ಇಟ್ಟುಕೊಳ್ಳಿ ಎಂದುಬಿಟ್ಟ. ತಮ್ಮ ಬೆರಳಿನ ಶಕ್ತಿಗೆ ಮಾವನವರೇ ಬೆರಗಾದರು.

ಈಗ ಎಲೆಯ ಪ್ರಶ್ನೆ. ಆ ದಿನಗಳಲ್ಲಿ ಬೇವು ಎಲೆ ಉದುರಿಸುತ್ತಿತ್ತು. ಬೇವನ್ನು ನಾನು ಮರವೆಂದು ತಿಳಿದಿದ್ದೆ, ಅದೊಂದು ಇಲಾಖೆ. ಮೇಲಿನಿಂದ ಬರುತ್ತಲೇ ಇರುತ್ತದೆ, ಕೆಳಗಿದ್ದವನು ಎತ್ತುತ್ತಲೇ ಇರಬೇಕು. ಬಂಗಲೆಯ ಹಿಂದೆ ಸಿಕ್ಕ ವಿಲಾಯತಿ ಹಲ್ಲಿನ ಕೋಲಿನಿಂದ ಎಳೆದರೆ ನಮ್ಮ ಬೇವಿನ ಸಣ್ಣ ಎಲೆ ಹಲ್ಲಿನ ಸಂದಿಯಲ್ಲಿ ನುಸುಳಿ ಅಲ್ಲೇ ಕೂರುತ್ತಿತ್ತು. ಆ ಕೋಲು ಮಾಡಿದವರ ಊರಿನಲ್ಲಿ ಎಲೆಗಳು ಅಂಗೈಯಗಲ ಇರುತ್ತವಂತೆ. ಕಸಬರಿಗೆಯಿಂದ ಗುಡಿಸಿದರೆ ಎಲೆ ಹುಲ್ಲಿನೊಳಗೆ ಇನ್ನಷ್ಟು ಇಳಿಯುತ್ತಿತ್ತು. ಮಾವನವರು ಹೋಗುವಾಗ ಒಂದು ಉಪಾಯ ಹೇಳಿದರು. ಜಾಲಿಯ ಮುಳ್ಳುಕೊಂಬೆಗೆ ಹಗ್ಗ ಕಟ್ಟಿ ಎಳೆಯುವುದು. ಖರೇ ಹೇಳುತ್ತೇನೆ, ಅದ್ಭುತ! ಒಂದೊಂದು ಮುಳ್ಳಿಗೂ ಎಲೆಗಳು ಪೋಣಿಸಿಕೊಂಡು ಕೊಂಬೆ ಮದುವೆಯ ಬಾಸಿಂಗದಂತೆ ಕಂಗೊಳಿಸಿತು. ಆದರೆ ಮುಳ್ಳು ಹುಲ್ಲನ್ನೂ ಬಾಚಿತು. ಚಮನ್ನಿಗೆ ನಟ್ಟನಡುವೆ ಬೈತಲೆ ಬಂತು. ದಾರಿಯಲ್ಲಿ ಹೋಗುತ್ತಿದ್ದ ಒಬ್ಬರು ಬೇಲಿಯಾಚೆ ನಿಂತು, "ಬಿತ್ತಿಗಿ ಯಾವಾಗ್ರಿ?" ಎಂದು ಬಹಳ ಗೌರವದಿಂದ ಕೇಳಿದರು.

ಚೊಲೋ ದಿನ ಗೊತ್ತಾಯಿತು. ಅದೇ ದಿನ ಚಮನ್ ನೋಡಲು ಬರುವುದಾಗಿ ಸಾಹೇಬರೂ ಹೇಳಿದರು. ಪಂಚಾಂಗ ಮತ್ತು ಸರಕಾರ ಒಂದೇ ಮುಹೂರ್ತಕ್ಕೆ ಒಪ್ಪಿದ್ದು ಅದೇ ಮೊದಲು.

ಬೆಳಗಾಗುವುದರೊಳಗೆ ಎದ್ದು ಧೋತರ ಕಚ್ಚೆ ಬಿಗಿದು ಯಂತ್ರ ಹಿಡಿದೆ. ಅದು ನೇರವಾಗಿ ಹೋಗುವಾಗ ಸಾಧು. ತಿರುಗಿಸಲು ಹೋದರೆ ಎಮ್ಮೆ. ಒಂದು ಹರಳುಕಲ್ಲು ಸಿಕ್ಕಿದರೆ ಸಾಕು, ಗಾಲಿ ನಿಲ್ಲುತ್ತಿತ್ತು, ನಾನು ನಿಲ್ಲುತ್ತಿರಲಿಲ್ಲ. ಹಿಡಿ ಬಂದು ಹೊಟ್ಟೆಗೆ ಗುದ್ದುತ್ತಿತ್ತು. ಹುಲ್ಲಿನ ಜಾಣತನವೂ ನೋಡುವಂಥದು. ಯಂತ್ರ ಬಂದಾಗ ತಲೆ ಬಗ್ಗಿಸಿ, ಅದು ಮುಂದೆ ಹೋದ ಮೇಲೆ ಮೆಲ್ಲಗೆ ಎದ್ದು ನಿಲ್ಲುತ್ತಿತ್ತು. ಸಾಹೇಬರು ಹಾದುಹೋಗುವಾಗ ಕಚೇರಿಯಲ್ಲಿ ನಾವೂ ಇದನ್ನೇ ಮಾಡುತ್ತಿದ್ದೆವು, ಆದ್ದರಿಂದ ನನಗೆ ಸಿಟ್ಟು ಬರಲಿಲ್ಲ. ಬಿಸಿಲೇರುವ ಹೊತ್ತಿಗೆ ಚಮನ್ನಿನ ಒಂದು ಸಾಲು ಕ್ರಾಪು, ಒಂದು ಸಾಲು ಜಡೆ, ಒಂದು ಸಾಲು ಬೋಳು. ಅದರ ಮೇಲೆ ಬೇವು ಅಕ್ಷತೆ ಉದುರಿಸುತ್ತಿತ್ತು.

ಆಗ ಗೇಟಿನಲ್ಲಿ ಚಕ್ಕಡಿ ನಿಂತಿತು. ಅದರ ಹಿಂದೆಯೇ ಸಾಹೇಬರ ಟಾಂಗಾ ನಿಂತಿತು. ಮಾವನವರು ಹುಲ್ಲಿನ ಈಚೆ, ಸಾಹೇಬರು ಹುಲ್ಲಿನ ಆಚೆ, ನಾನು ಯಂತ್ರ ಹಿಡಿದು ನಡುವೆ. ಮಾವನವರು ನಿಂತು ನೋಡಿದರು, ಕಂಡಿತು. ಸಾಹೇಬರು ಬಗ್ಗಿ ನೋಡಿದರು, ಕಾಣಲಿಲ್ಲ. ಅವರು ಬಗ್ಗಿದ್ದು ಬೋಳು ಸಾಲಿನ ಮೇಲೆ.

"ಇದೇನು ಮಾಡಿದ್ದೀರಿ, ಭಾಯಿ? ಚಮನ್ ಎಲ್ಲಿ?" ಎಂದರು ಸಾಹೇಬರು.

"ಅದರಾಗೇ ನಿಂತು ಎಲ್ಲಿ ಅಂತೀರಲ್ರಿ!" ಎಂದರು ಮಾವ. "ಸಾಹೇಬ್ರ, ನೀವು ಹಿರೇರು, ಒಂದು ಮಾತು ಕೇಳ್ತೀನಿ. ನಿಮ್ಮ ಮಗಳಾಗಿದ್ದರ ಇಂಥಾ ಹುಲ್ಲು ಬೆಳದ ಮನಿಗೆ ಕಳಸ್ತಿದ್ದಿರೇನ್ರಿ?"

ಸಾಹೇಬರು ಟೋಪಿ ಸರಿಪಡಿಸಿಕೊಂಡರು. "ಕಳಿಸಿದ್ದೀನಿ, ಯಜಮಾನ್ರೇ. ಹೈದರಾಬಾದಿಗೆ. ಹುಡುಗನ ಮನೆಗೆ ಹೋದಾಗ ನಾನು ಮೊದಲು ನೋಡಿದ್ದೇ ಚಮನ್. ಎಂಥ ಹಸಿರು! ಅದನ್ನು ನೋಡಿಯೇ ಹ್ಞೂಂ ಅಂದೆ. ಹುಲ್ಲನ್ನೇ ಸಾಕದವನು ಹುಡುಗಿಯನ್ನು ಹೇಗೆ ಸಾಕ್ತಾನೆ?"

ಇಬ್ಬರು ತಂದೆಯರು ಹುಲ್ಲಿನ ಎರಡು ದಂಡೆಯ ಮೇಲೆ ನಿಂತು ಒಬ್ಬರನ್ನೊಬ್ಬರು ನೋಡಿದರು. "ಅಲ್ರಿ, ಮತ್ತ ನನ್ನ ಮಗಳು ರಂಗೋಲಿ ಎಲ್ಲಿ ಹಾಕಬೇಕ್ರಿ?" ಎಂದು ಮಾವ ಕೇಳಿದರು. ಅವರ ದನಿ ಸಣ್ಣದಾಗಿತ್ತು. ಆಗ ನನಗೆ ಅರ್ಥವಾಯಿತು, ಅವರಿಗೆ ಶಾಪದ ಹೆದರಿಕೆಯಲ್ಲ. ಮಗಳು ಬೆಳಗಿನಲ್ಲಿ ಎದ್ದು ಕೈಯಲ್ಲಿ ರಂಗೋಲಿಯ ಬಟ್ಟಲು ಹಿಡಿದು ಎಲ್ಲಿ ಬಗ್ಗಬೇಕೆಂದು ತಿಳಿಯದೆ ನಿಂತಿರುವುದು ಅವರ ಕಣ್ಣಿಗೆ ಕಟ್ಟಿತ್ತು.

ಅಷ್ಟರಲ್ಲಿ ಬಂಗಲೆಯೊಳಗಿಂದ ಒಂದು ದನಿ ಬಂತು.

"ಅಯ್ಯ ಶಿವನೇ!"

ನೀಲಮ್ಮನ ದನಿ. ನಾವು ಮೂವರೂ ವಾದದಲ್ಲಿ ಮುಳುಗಿದ್ದಾಗ ಅವಳು ಚಕ್ಕಡಿಯಿಂದ ಇಳಿದು, ಚಪ್ಪಲಿ ಕೈಯಲ್ಲಿ ಹಿಡಿದು, ಹುಲ್ಲಿನ ಮೇಲೆ ನಡೆದು ಒಳಗೆ ಹೋಗಿಬಿಟ್ಟಿದ್ದಳು. ಆರತಿಯಿಲ್ಲ, ಹೊಸ್ತಿಲಲ್ಲಿ ಅಕ್ಕಿಯ ಸೇರಿಲ್ಲ!

"ಏ ತಂಗಿ, ಬಲಗಾಲು! ಬಲಗಾಲು ಇಟ್ಟಿಯೇನ?" ಎಂದು ಮಾವನವರು ಕೂಗಿದರು.

"ಯಾವ ಕಾಲು ಇಡಲೆಪ್ಪಾ? ಇಲ್ಲಿ ಕಾಲಿಡಾಕ ಜಾಗಾನೇ ಇಲ್ಲ! ಹೊರಗಿನ ಎಲಿ ಎಲ್ಲಾ ಒಳಗ ಅವ. ಒಲಿಯಾಗ ಎಲಿ, ಹಾಸಿಗ್ಯಾಗ ಎಲಿ, ಉಪ್ಪಿನ ಡಬ್ಬಿಯಾಗೂ ಎಲಿ! ಮೂರು ಮಂದಿ ಗಂಡಸರು ಅಂಗಳದಾಗ ನಿಂತು ಏನ ಮಾಡಾಕತ್ತೀರಿ?"

ನಾನು ಅಷ್ಟು ದಿನ ಚಮನ್ನನ್ನೇ ನೋಡುತ್ತ ಒಳಗಿನ ಮನೆಯನ್ನು ನೋಡಿಯೇ ಇರಲಿಲ್ಲ. ಬಾಗಿಲು ತೆರೆದಿತ್ತು, ಗಾಳಿ ತನಗೆ ತೋಚಿದ ಕಡೆ ಎಲೆ ಸಂಗ್ರಹ ಮಾಡಿತ್ತು.

ಮೊದಲು ನಕ್ಕವರು ಸಾಹೇಬರು. ಆ ದೊಡ್ಡ ದೇಹ ಶೇರ್ವಾನಿಯೊಳಗೆ ಅಲುಗಾಡಿತು. ಮಾವನವರು ತಡೆದುಕೊಳ್ಳಲು ನೋಡಿದರು, ಆಗಲಿಲ್ಲ. ನಗು ನಿಂತ ಮೇಲೆ ಸಾಹೇಬರು, "ಯಜಮಾನ್ರೇ, ಬಾಗಿಲ ಮುಂದೆ ಹೂವಿಗೆ ಅಂತ ಸರಕಾರ ಒಂದು ಚಾಪೆಯಷ್ಟು ಜಾಗ ಬಿಟ್ಟಿದೆ. ಯಾವ ಹೂವು ಅಂತ ಹೇಳಿಲ್ಲ. ನಿಮ್ಮ ಬಿಟಿಯಾ ಹಿಟ್ಟಿನ ಹೂವು ಬಿಡಿಸಲಿ," ಎಂದರು. ಮಾವನವರು ಕೂಡಲೇ ಚಕ್ಕಡಿಯಿಂದ ಸನಿಕೆ ತಂದು, ಆ ಒಂದು ಚಾಪೆಯಷ್ಟು ಗರಿಕೆಯನ್ನು ಎರಡು ತಲೆಮಾರಿನ ಸಿಟ್ಟಿನಿಂದ ಬೇರು ಸಮೇತ ಕಿತ್ತರು. ಸಾಹೇಬರಿಗೆ ಕೆಂಪು ಬಾಳೆಯ ಗೊನೆ ಟಾಂಗಾದಲ್ಲಿ ಹೋಯಿತು.

ಯಂತ್ರವನ್ನು ಯುಗಾದಿಯ ನಂತರ ಕರೀಂಭಾಯಿಗೆ ತಿರುಗಿ ಕೊಟ್ಟೆ. ಅದು ಕೆಟ್ಟದ್ದೆಂದಲ್ಲ. ಅದರ ಅವಶ್ಯಕತೆಯೇ ತಾನಾಗಿ ಕರಗಿಹೋಯಿತು. ನೀಲಮ್ಮ ಬಂದ ಮೇಲೆ ಹಾಲಿನವಳು ಬಂದಳು, ಅರಿಶಿಣ ಕುಂಕುಮಕ್ಕೆ ಊರೊಳಗಿನ ಹೆಂಗಸರು ಬಂದರು, ಈದಿನ ಶೀರ್‌ಖುರ್ಮಾ ಕೊಡಲು ಕರೀಂಭಾಯಿಯ ಮನೆಯವರು ಬಂದರು, ಕಮಲಾಪುರದಿಂದ ತಿಂಗಳಿಗೊಂದು ಚಕ್ಕಡಿ ಬಂತು. ಇವರಲ್ಲಿ ಒಬ್ಬರೂ ಸುತ್ತಿನ ದಾರಿಯಲ್ಲಿ ಬರಲಿಲ್ಲ. ಗೇಟಿನಿಂದ ಬಾಗಿಲಿಗೆ, ಚಮನ್ನಿನ ನಟ್ಟನಡುವೆ, ಒಂದು ಬರಿ ನೆಲದ ಕಾಲುದಾರಿ ಬಿತ್ತು.

ಸಾಹೇಬರು ಮತ್ತೆ ತಪಾಸಣೆಗೆ ಬಂದಾಗ ಆ ದಾರಿಯನ್ನು ನೋಡಿ ಗೇಟಿನಲ್ಲೇ ನಿಂತರು. ಮನೆ ಹೋಯಿತು ಎಂದುಕೊಂಡು ನಾನು ಮನಸ್ಸಿನಲ್ಲೇ ತೊಗರಿ ಚೀಲಗಳಿಗೆ ನಮಸ್ಕಾರ ಹೇಳಿದೆ.

"ಹೋದ ತಿಂಗಳು ಹೈದರಾಬಾದಿಗೆ ಹೋಗಿದ್ದೆ," ಎಂದರು ಸಾಹೇಬರು. "ಮಗಳು, ಅಳಿಯ ಕರಾಚಿಗೆ ಹೋಗಿಬಿಟ್ಟರು, ಖಾಲಿ ಬಿದ್ದ ಮನೆ ನೋಡಿಕೊಂಡು ಬರೋಣ ಅಂತ. ಚಮನ್ ಬಹಳ ಚೆನ್ನಾಗಿ ಬೆಳೆದಿದೆ, ಭಾಯಿ. ಮೆಟ್ಟಿಲ ತನಕ ಬಂದಿದೆ."

ಒಳಗಿನಿಂದ ನೀಲಮ್ಮ, "ಚಹಾ ಆರ್ತದ್ರಿ, ಬರ್ರಿ," ಎಂದು ಕರೆದಳು.

ಚಮನ್ನಿನ ಮೇಲೆ ಕಾಗೆ ಕೂತರೂ ಜವಾನನನ್ನು ಗದರಿಸುತ್ತಿದ್ದ ಸಾಹೇಬರು ಕಾಲುದಾರಿಯನ್ನೂ ಬಿಟ್ಟು, ಬೂಟು ಹಾಕಿಕೊಂಡೇ ಹುಲ್ಲು ದಟ್ಟವಾಗಿದ್ದ ಕಡೆ ಹೆಜ್ಜೆ ಊರಿ ಊರಿ, ಸಾವಕಾಶ ತುಳಿಯುತ್ತ ಬಂದು ನಮ್ಮ ಬಾಗಿಲು ಮುಟ್ಟಿದರು. ತಿರುಗಿ ನೋಡಿದೆ. ಅವರ ತೂಕಕ್ಕೆ ಹುಲ್ಲು ಮಟ್ಟಸವಾಗಿ ಮಲಗಿತ್ತು. ಅಷ್ಟು ಚಂದ ಕೆಲಸ ಯಾವ ವಿಲಾಯತಿ ಯಂತ್ರವೂ ಮಾಡಿರಲಿಲ್ಲ. ಅಂದಿನಿಂದ ವಾರಕ್ಕೊಮ್ಮೆಯಾದರೂ ಚಹಾಕ್ಕೆ ಬರಬೇಕೆಂದು ನಾನು ಅವರನ್ನು ಒತ್ತಾಯಿಸತೊಡಗಿದೆ.